ಬೆಣಚಿಹಾಳದ ಅಲ್ಲಂದ ಬಂಡೆ

ತುಂಗಭದ್ರೆಯ ಎರೆಭೂಮಿ ಮುಗಿದು ಕಲ್ಲುಗುಡ್ಡಗಳು ಮೊದಲಾಗುವ ಸೀಮೆಯಲ್ಲಿ ಬೆಣಚಿಹಾಳ ಎಂಬ ಊರಿದೆ. ಊರ ಮೂಡಲಿಗೆ ಒಂದು ಕೆರೆ. ಕೆರೆಯ ಏರಿ ಎಲ್ಲಿ ಮುಗಿಯುತ್ತದೆಯೋ ಅಲ್ಲಿ, ದೊಡ್ಡ ಹರಿವಾಣವನ್ನು ಬೋರಲು ಹಾಕಿದಂತೆ, ನುಣುಪಾದ ಅಗಲ ಬಂಡೆಯೊಂದು ಮಲಗಿದೆ. ಸುಗ್ಗಿಯಲ್ಲಿ ಹೆಂಗಸರು ಅದರ ಮೇಲೆ ಮೆಣಸಿನಕಾಯಿ ಒಣಗಿಸುತ್ತಾರೆ, ಸಂಜೆಗೆ ಗಂಡಸರು ಬಂದು ಗಾಳಿಗೆ ಕೂರುತ್ತಾರೆ. ದಾರಿಯಲ್ಲಿ ಪಂಚಾಯಿತಿಯವರು ನಿಲ್ಲಿಸಿದ ಹಸಿರು ಫಲಕದಲ್ಲಿ ಇದರ ಹೆಸರು 'ಅಲ್ಲಮನ ಬಂಡೆ' ಎಂದಿದೆ. ಅಲ್ಲಮಪ್ರಭು ಕಲ್ಯಾಣಕ್ಕೆ ಹೋಗುವಾಗ ಇಲ್ಲಿ ದಣಿವಾರಿಸಿಕೊಂಡನೆಂದು ಹೇಳುವವರಿದ್ದಾರೆ. ಹಿಂದೆ ಈ ಕೆರೆಯ ಕೆಳಗೆ ಅಲ್ಲ ಬೆಳೆಯುತ್ತಿದ್ದರು, ಹಸಿ ಶುಂಠಿಯನ್ನು ತಂದು ಈ ಬಂಡೆಯ ಮೇಲೆ ರಾಶಿ ಹಾಕುತ್ತಿದ್ದರು, ಅದಕ್ಕೇ ಈ ಹೆಸರು ಎನ್ನುವವರೂ ಇದ್ದಾರೆ. ನಾನು ಈ ಊರ ಪ್ರಾಥಮಿಕ ಶಾಲೆಯಲ್ಲಿ ಬಹುಕಾಲ ಪಾಠ ಹೇಳಿದವನು. ಎರಡೂ ಮಾತನ್ನು ನಾನು ಒಪ್ಪುವುದಿಲ್ಲ. ಪ್ರಭುದೇವರು ಬಂದಿದ್ದರೆ ಬಂದಿರಲಿ, ಅದು ಅವರ ದೊಡ್ಡತನ. ಆದರೆ ಊರವರ ಬಾಯಲ್ಲಿ ಇದು ಎಂದೂ ಅಲ್ಲಮನ ಬಂಡೆಯಾಗಿರಲಿಲ್ಲ. ಅವರು ಅನ್ನುವುದು 'ಅಲ್ಲಂದ ಬಂಡೆ'. ಅಲ್ಲ ಅಂದ ಬಂಡೆ. ಹಾಗೆ ಅಂದವರು ಯಾರು, ಯಾರಿಗೆ ಅಂದರು, ಏಕೆ ಅಂದರು ಎಂಬುದನ್ನು ಊರ ಹಿರಿಯರು ಹೇಳಿದಂತೆ ಇಲ್ಲಿ ಹೇಳುತ್ತೇನೆ.

ಹಿಂದೆ ಒಮ್ಮೆ, ಈ ಸೀಮೆಯೆಲ್ಲ ದೇಸಗತಿಯವರ ಕೈಯಲ್ಲಿದ್ದ ಕಾಲಕ್ಕೆ, ಬೆಣಚಿಹಾಳದಲ್ಲಿ ಒಂದು ಕೂಲಿಮಠವಿತ್ತು. ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿಯುವ ಸಣ್ಣ ಶಾಲೆ ಅದು. ಅದನ್ನು ನಡೆಸುತ್ತಿದ್ದ ಮರುಳಯ್ಯ ಐಗಳು ಒಂದು ಮಳೆಗಾಲದಲ್ಲಿ ಜ್ವರ ಬಂದು ತೀರಿಹೋದರು. ಮಕ್ಕಳಿಲ್ಲದ ಅವರ ಹೆಂಡತಿ ಪರ್ವತವ್ವ ತವರಿಗೆ ಹೋಗಬಹುದು, ಮಠದ ಬಾಗಿಲು ಮುಚ್ಚಿತು ಎಂದು ಊರವರು ಮಾತಾಡಿಕೊಂಡರು. ದಿನಕರ್ಮ ಮುಗಿದ ಮರುದಿನ ಬೆಳಿಗ್ಗೆ ನೋಡಿದರೆ ಪರ್ವತವ್ವ ಮಠದ ಪಡಸಾಲೆ ಸಾರಿಸಿ, ಹೊಸ ಮರಳು ಹರವಿ, ಮಕ್ಕಳ ದಾರಿ ನೋಡುತ್ತ ಕುಳಿತಿದ್ದಳಂತೆ. ತಂದೆಯ ಮನೆಯಲ್ಲೇ ಓದು ಬರಹ ಕಲಿತವಳು, ಗಂಡ ಊರಲ್ಲಿಲ್ಲದಾಗ ಮಠವನ್ನು ತಾನೇ ನಡೆಸಿದವಳು. ಹೆಣ್ಣುಮಗಳು ಐಗಳಾಗುವುದುಂಟೇ ಎಂದು ಹಿರಿಯರು ಕೇಳಲು ಬಂದಾಗ ಆಕೆ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, "ಮಕ್ಕಳಿಗೆ ಅಕ್ಷರ ಬೇಕು. ನನಗ ಅಕ್ಷರ ಬರತಾವ. ನಡುವ ಇನ್ನೇನು ಬೇಕಾಗೇತ್ರೀ?" ಎಂದಳು. ಹಿರಿಯರು ಬಂದ ದಾರಿ ಹಿಡಿದರು. ಅಷ್ಟಕ್ಕೇ ನಿಲ್ಲದೆ ಆಕೆ, ಅಲ್ಲಿಯವರೆಗೆ ಹೊರಗೆ ನಿಂತು ಇಣುಕುತ್ತಿದ್ದ ಒಡ್ಡರ ಕೇರಿಯ ಮಕ್ಕಳನ್ನೂ ಒಳಗೆ ಕರೆದು ಕೂರಿಸಿದಳು. ಕೆಲವರು ಸಿಟ್ಟಾಗಿ ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಸುತ್ತಲ ಹಳ್ಳಿಗಳಲ್ಲಿ ಬೇರೆ ಮಠವಿರಲಿಲ್ಲ. ಸುಗ್ಗಿ ಕಳೆಯುವುದರೊಳಗೆ ಅವರೆಲ್ಲ ತಾವಾಗಿಯೇ ತಿರುಗಿ ತಂದು ಬಿಟ್ಟರು. ಪರ್ವತವ್ವ ಆ ಮಕ್ಕಳನ್ನೂ ಸಾಲಿನಲ್ಲಿ ಕೂರಿಸಿಕೊಂಡಳು.

ಓನಾಮ, ಮಗ್ಗಿ, ಲೆಕ್ಕ ಇವೆಲ್ಲ ಎಲ್ಲ ಮಠಗಳಲ್ಲೂ ಇದ್ದವು. ಪರ್ವತವ್ವನ ಮಠದಲ್ಲಿ ಇನ್ನೊಂದು ಪಾಠವಿತ್ತು. ಮಧ್ಯಾಹ್ನ ಊಟವಾದ ಮೇಲೆ ಆಕೆ ಊರಿನ ಹಿಂದಿನ ಸುದ್ದಿ ಹೇಳುತ್ತಿದ್ದಳು. ಹೇಳುತ್ತಿದ್ದಳು ಎಂದರೆ ತಪ್ಪಾದೀತು, ಮಕ್ಕಳಿಂದಲೇ ಹೇಳಿಸುತ್ತಿದ್ದಳು. ನಿಮ್ಮ ಮನೆಯ ಎಲ್ಲರಿಗಿಂತ ಹಿರಿಯ ಜೀವವನ್ನು ಕೇಳಿ ಬನ್ನಿ, ನಮ್ಮವರು ಈ ಊರಿಗೆ ಎಲ್ಲಿಂದ ಬಂದರು, ಬಂದಾಗ ಇಲ್ಲಿ ಏನಿತ್ತು ಎಂದು. ಮಕ್ಕಳು ಕೇಳಿ ಬರುತ್ತಿದ್ದವು. ಒಂದು ಮಗು ಏನಾದರೂ ಹೇಳಿದ ಕೂಡಲೆ ಆಕೆ ಕೇಳುತ್ತಿದ್ದಳು: ಯಾರು ಹೇಳಿದರು? ಅವರು ಕಣ್ಣಾರೆ ಕಂಡಾರೋ, ಇನ್ನೊಬ್ಬರಿಂದ ಕೇಳ್ಯಾರೋ? ಅದಕ್ಕ ತೋರಸೂದು ಏನರ ಐತೋ? ಮಕ್ಕಳಿಗೆ ಇದು ಆಟದಂತೆ ಹತ್ತಿಬಿಟ್ಟಿತು. ಆರೇಳು ವರ್ಷದ ಕೂಸುಗಳು ಮನೆಗೆ ಹೋಗಿ ಅಜ್ಜಂದಿರಿಗೆ, "ಯಜ್ಜಾ, ನೀ ಕಂಡೀಯೋ ಕೇಳೀಯೋ?" ಎಂದು ಗಂಟುಬೀಳುತ್ತಿದ್ದವು. ಅಜ್ಜಂದಿರು ಮೊದಮೊದಲು ಬೈದರು. ಆಮೇಲೆ ಜಗಲಿಯ ಮೇಲೆ ಕೂತು, ಮರೆತದ್ದನ್ನು ನೆನಪು ಮಾಡಿಕೊಳ್ಳತೊಡಗಿದರು.

ಕೆರೆಯ ಕಥೆಯೂ ಹೀಗೆಯೇ ಮಕ್ಕಳ ಬಾಯಲ್ಲಿ ತುಣುಕು ತುಣುಕಾಗಿ ಸೇರಿತು. ಅವರ ಮುತ್ತಜ್ಜಂದಿರಿಗೂ ಹಿಂದಿನವರ ಕಾಲದಲ್ಲಿ ಇಲ್ಲಿ ನೀರಿರಲಿಲ್ಲ. ಅರಸನೂ ಬರಲಿಲ್ಲ, ಸಾಹುಕಾರನೂ ಬರಲಿಲ್ಲ. ಊರ ಒಕ್ಕಲುಗಳೇ ಕೂಡಿ, ಕೇರಿಗೊಂದು ಪಾಲೆಂದು ಏರಿಯನ್ನು ಹಂಚಿಕೊಂಡು, ಬೇಸಿಗೆ ಬೇಸಿಗೆಗೆ ಕಟ್ಟಿದರು. ಕುಂಬಾರರ ಪಾಲು, ಕುರುಬರ ಪಾಲು, ಒಡ್ಡರ ಪಾಲು, ಒಕ್ಕಲಿಗರ ಪಾಲು. ಮೊದಲ ಮಳೆಗೆ ಏರಿ ಒಡೆದು, ರಾತ್ರಿಯೆಲ್ಲ ಮಣ್ಣು ಹೊತ್ತು ತಡೆಯಲು ಹೋದವರು ಕೊಚ್ಚಿಹೋದರು. ಸತ್ತವರನ್ನು ಏರಿಯ ತುದಿಯಲ್ಲೇ ಮಣ್ಣು ಮಾಡಿ, ಉಳಿದವರು ಮರುವರ್ಷ ಮತ್ತೆ ಕಟ್ಟಿದರು. ಈ ಮಾತನ್ನೆಲ್ಲ ಬರೆದ ಒಂದು ಕಲ್ಲು ತೂಬಿನ ಬಳಿ ಇತ್ತು. ನೀರು ಮೊದಲು ಕಟ್ಟಕಡೆಯ ಹೊಲಕ್ಕೆ ಹರಿಯಬೇಕು, ಕೆರೆಯ ಮಗ್ಗುಲಿನವನು ಕಡೆಗೆ ಕಟ್ಟಿಕೊಳ್ಳಬೇಕು ಎಂಬ ಕಟ್ಟಳೆಯೂ ಅದರಲ್ಲಿತ್ತು ಎನ್ನುತ್ತಾರೆ. ಕಟ್ಟಕಡೆಯ ಹೊಲಗಳು ಒಡ್ಡರವು. ಹೆಚ್ಚು ಹೆಣ ಬಿದ್ದದ್ದೂ ಅವರ ಪಾಲಿನಲ್ಲಿಯೇ.

ಊರನ್ನು ಆಗ ಆಳುತ್ತಿದ್ದವನು ಜಡೆಪ್ಪ ದೇಸಾಯಿ. ಕೆಟ್ಟ ಮನುಷ್ಯನೆಂದು ಹುಟ್ಟಿನಿಂದ ಹೆಸರಾದವನಲ್ಲ. ಹಬ್ಬಕ್ಕೆ ಅನ್ನ ಹಾಕಿಸುತ್ತಿದ್ದ, ಜಂಗಮರನ್ನು ಕಂಡರೆ ಕೈಮುಗಿಯುತ್ತಿದ್ದ. ತನ್ನ ವಾಡೆಯ ಹಿಂದೆ ಎಲೆಬಳ್ಳಿಯ ತೋಟ ಹಾಕಿದ ಮೇಲೆ ಅವನಿಗೆ ನೀರಿನ ಮೇಲೆ ಕಣ್ಣು ಬಿತ್ತು. ಎಲೆಬಳ್ಳಿ ಒಂದು ದಿನ ಬಾಯಾರಿದರೂ ಮುನಿಯುವ ಗಿಡ. ದೇಸಾಯಿ ತೂಬಿನ ಬಾಯಿಯಲ್ಲೇ ಹೊಸ ಕಾಲುವೆ ತೆಗೆಸಿದ. ಕೆಳಗಿನ ಹೊಲಗಳಲ್ಲಿ ಪೈರು ನಿಂತಲ್ಲೇ ಸುಟ್ಟಿತು. ಜನ ಅರಸರಲ್ಲಿಗೆ ದೂರು ಒಯ್ದರು. ವಿಚಾರಣೆಗೆ ಸುಭೇದಾರನೊಬ್ಬ ಬರುತ್ತಾನೆಂಬ ಸುದ್ದಿ ತಿರುಗಿ ಬಂತು. ಆ ಕಾಲದ ನ್ಯಾಯ ಸರಳವಾಗಿತ್ತು: ಕಟ್ಟಿಸಿದವನದು ಕೆರೆ, ಕೆರೆ ಯಾರದೋ ಅವರದು ನೀರು. ದೇಸಾಯಿ ಸುಮ್ಮನೆ ಕೂರಲಿಲ್ಲ. ತೂಬಿನ ಹತ್ತಿರದ ಹಳೆಯ ಕಲ್ಲನ್ನು ಕೀಳಿಸಿ, ಒಡೆಸಿ, ಕುದುರೆ ಲಾಯದ ನೆಲಕ್ಕೆ ಹಾಸಿಸಿದ. ದೂರದಿಂದ ಕಲ್ಲುಕುಟಿಗರನ್ನು ತರಿಸಿ ಹೊಸ ಕಲ್ಲು ಕೆತ್ತಿಸಿದ. ಮೇಲೆ ಸೂರ್ಯಚಂದ್ರರು, ನಡುವೆ ಕುದುರೆಯೇರಿದ ವೀರ, ಕೆಳಗೆ ದುಂಡನೆಯ ಅಕ್ಷರಗಳಲ್ಲಿ, ಈ ಕೆರೆಯನ್ನು ತನ್ನ ಅಜ್ಜ ಹಿರೇ ಸೋಮಪ್ಪ ದೇಸಾಯಿ ತನ್ನ ಸ್ವಂತ ದ್ರವ್ಯದಿಂದ ಕಟ್ಟಿಸಿದನೆಂಬ ಶಾಸನ. ಅದನ್ನು ತಂದು ಬಂಡೆಯ ನೆತ್ತಿಯ ಮೇಲೆ ನಿಲ್ಲಿಸಿದರು. ಆಮೇಲೆ ಊರ ಹಿರಿಯರಿಗೆ ಒಬ್ಬೊಬ್ಬರಿಗೆ ವಾಡೆಯಿಂದ ಕರೆ ಬಂತು. ಒಳಗೆ ಏನು ನಡೆಯಿತೆಂದು ಯಾರೂ ಹೇಳಲಿಲ್ಲ. ಹೋದವರು ತಲೆ ತಗ್ಗಿಸಿ ಬಂದರು. ಕೆರೆಯ ಮಾತೆತ್ತಿದರೆ, "ವಯಸ್ಸಾತು, ನೆನಪಿಲ್ಲ" ಎನ್ನತೊಡಗಿದರು.

ಕಡೆಗೆ ಕರೆ ಬಂದದ್ದು ಪರ್ವತವ್ವನಿಗೆ. ದೇಸಾಯಿ ಅವಳಿಗೆ ಚಾಪೆ ಹಾಸಿಸಿ, ತಾನು ಕೆಳಗೆ ಕುಳಿತು, ಮೆಲ್ಲಗೆ ಮಾತಾಡಿದ. ಮಕ್ಕಳ ಬಾಯಿ ದೇವರ ಬಾಯಿ ಎಂದು ಆ ಕಾಲದ ಜನ ನಂಬುತ್ತಿದ್ದರು. ವಿಚಾರಣೆಗಳಲ್ಲಿ ಕೂಸುಗಳ ಮಾತಿಗೆ ಬೆಲೆಯಿತ್ತು. ಸುಭೇದಾರ ಬಂದ ದಿನ ಮಠದ ಮಕ್ಕಳು ಬಂಡೆಯ ಮೇಲೆ ಸಾಲಾಗಿ ನಿಂತು, ಹೊಸ ಕಲ್ಲಿನ ಮೇಲಿನ ಕಥೆಯನ್ನು ಒಪ್ಪಿಸಬೇಕು. ಅದೇ ಅವನು ಕೇಳಿದ್ದು.

"ನನ್ನ ಮಗ ಕಳಕಪ್ಪನೂ ನಿಮ್ಮ ಕಡೇನ ಕಲಿತಾನ. ಅವನ ಮುಂದ ನಿಲ್ಲಲಿ," ಎಂದ ದೇಸಾಯಿ. "ನಿಮ್ಮ ಮಠಕ್ಕ ಹೊಸ ಮಾಡು ಹಾಕಸ್ತೀನಿ. ಹುಲ್ಲಲ್ಲ, ಮಾಳಿಗಿನ."

ಪರ್ವತವ್ವ "ಕಲಿಸ್ತೀನ್ರಿ ದೇಸಾಯರ," ಎಂದಳು. "ನೀವು ಬರಸಿದ್ದನ್ನ ಒಂದು ಅಕ್ಷರ ಬಿಡದಂಗ ಕಲಿಸ್ತೀನಿ. ಆದರ ಅದನ್ನ ಯಾರು ಹೇಳಿದರು ಅಂಬೋದನ್ನೂ ಕಲಿಸ್ತೀನಿ. ನನ್ನ ಮಠದಾಗ ಅದು ಬಿಟ್ಟು ಪಾಠ ಇಲ್ಲ."

ದೇಸಾಯಿ ನಕ್ಕ. ತನ್ನ ಹೆಸರೂ ಪಾಠದಲ್ಲಿ ಬರುವುದಾದರೆ ಬರಲಿ ಎಂದುಕೊಂಡನೋ ಏನೋ, "ಧಾರಾಳ ಕಲಿಸ್ರಿ" ಎಂದು ಕೈಮುಗಿದು ಕಳಿಸಿದ.

ಆಕೆ ಮಾತಿಗೆ ತಪ್ಪಲಿಲ್ಲ. ಹೊಸ ಕಲ್ಲಿನ ಮಾತುಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದಳು. ಬೀದಿಯಲ್ಲಿ ಹೋಗುವವರು ಅದನ್ನು ಕೇಳಿ ಉಗುಳಿದರು. ಪರ್ವತವ್ವನೂ ಮಾಳಿಗೆಯ ಆಸೆಗೆ ಬಿದ್ದಳೆಂದು ಭಾವಿಯ ಕಟ್ಟೆಯಲ್ಲಿ ಮಾತಾಯಿತು. ಪಾಠ ಬಾಯಿಗೆ ಬಂದ ದಿನ ಆಕೆ ಮಕ್ಕಳನ್ನು ಕೆರೆಯ ಏರಿಯ ಮೇಲೆ ಕರೆದೊಯ್ದು, ಎಂದಿನಂತೆಯೇ ಕೇಳಿದಳು: ಇದನ್ನು ಹೇಳಿದವರು ಯಾರು? ದೇಸಾಯರು. ಅವರು ಕಂಡಾರೋ, ಕೇಳ್ಯಾರೋ? ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ತೋರಸೂದು ಏನೈತಿ? ಕಲ್ಲು ಐತಿ, ಎಂದಿತು ಒಂದು ಮಗು. ಆ ಕಲ್ಲು ಯಾವಾಗ ಬಂತು? ಮೊನ್ನೆ, ಎಂದವು ಎಲ್ಲ ಒಟ್ಟಿಗೆ. ಪರ್ವತವ್ವ ಇದಕ್ಕೆ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ನಿಮ್ಮ ನಿಮ್ಮ ಮನೆಯಲ್ಲಿ ಕೇಳಿ ಬನ್ನಿ ಎಂದಷ್ಟೇ ಹೇಳಿದಳು. ದೇಸಾಯಿಯ ಮಗ ಕಳಕಪ್ಪ, ಏಳು ವರ್ಷದವನು, ತನ್ನ ಅಜ್ಜಿಯನ್ನು ಕೇಳಿ ಬಂದ. ಅವನು ಅಜ್ಜಿ ಹೇಳಿದ್ದನ್ನು ಮಠದಲ್ಲಿ ಹೇಳಿದಾಗ ಪರ್ವತವ್ವನ ಮುಖ ಕಪ್ಪಿಟ್ಟಿತಂತೆ. ಆಕೆ ಅವನನ್ನು ಹತ್ತಿರ ಕರೆದು, "ಮಗಾ, ಇದನ್ನ ಮಂದಿ ಮುಂದ ಹೇಳಂತ ನಾ ಹೇಳೂದಿಲ್ಲ. ಹೇಳಬ್ಯಾಡ ಅಂತನೂ ಹೇಳೂದಿಲ್ಲ. ನಿನ್ನ ಮನಿ ಸುದ್ದಿ, ನೀ ತಿಳಕೋ," ಎಂದಳು. ಅಷ್ಟು ಚಿಕ್ಕ ಮಗುವಿನ ಮೇಲೆ ಅಷ್ಟು ದೊಡ್ಡ ಹೊರೆ ಹಾಕಿದೆನಲ್ಲ ಎಂಬ ಸಂಕಟ ಆಕೆಗೆ ಕಡೆಯವರೆಗೂ ಉಳಿಯಿತು ಎನ್ನುತ್ತಾರೆ.

ಸುಭೇದಾರ ಬಂದ ದಿನ ಊರಿಗೆ ಊರೇ ಕೆರೆಯ ತುದಿಗೆ ನೆರೆಯಿತು. ಬಂಡೆಯ ಮೇಲೆ ಹೊಸ ಕಲ್ಲಿನ ಪಕ್ಕಕ್ಕೆ ಗಾದಿ ಹಾಕಿ ಸುಭೇದಾರನನ್ನು ಕೂರಿಸಿದ್ದರು. ಕೆಳಗೆ, ಬಿಸಿಲಲ್ಲಿ, ಮಕ್ಕಳ ತಾಯಂದಿರು. ಸುಭೇದಾರ ಹಿರಿಯರನ್ನು ಕರೆದು ಕೇಳಿದ. ಅವರು ನೆಲ ನೋಡಿದರು. ಕಲ್ಲನ್ನು ಓದಿಸಿದ. ಕಡೆಗೆ ಮಕ್ಕಳು ಬಂದು ಸಾಲಾಗಿ ನಿಂತರು. ಕಳಕಪ್ಪ ಮುಂದೆ ನಿಂತಿದ್ದ. ಮಕ್ಕಳು ಒಂದು ಅಕ್ಷರ ತಪ್ಪದೆ, ಒಂದೇ ದನಿಯಲ್ಲಿ, ಕಲ್ಲಿನ ಕಥೆಯನ್ನು ಒಪ್ಪಿಸಿದವು. ಸುಭೇದಾರ ತಲೆದೂಗಿದ. ಅವನು ದೂರದಿಂದ ಬಂದವನು, ಬಿಸಿಲು ಏರುತ್ತಿತ್ತು, ತೀರ್ಪು ಹೇಳಿ ಎದ್ದುಬಿಡುತ್ತಿದ್ದ. ಆದರೆ ದೇಸಾಯಿಗೆ ಆ ಗಳಿಗೆ ಇನ್ನಷ್ಟು ಬೇಕೆನಿಸಿತು. ಕೆಳಗೆ ನಿಂತ ಜನದ ಕಡೆ ಒಮ್ಮೆ ನೋಡಿ, ಮಕ್ಕಳ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, "ಹೌದಲ್ಲೇನ್ರಪಾ, ಈ ಕೆರಿ ಕಟ್ಟಿಸಿದವರು ನಮ್ಮಜ್ಜ?" ಎಂದ.

ಬಾಯಿಪಾಠದಲ್ಲಿ ಈ ಪ್ರಶ್ನೆ ಇರಲಿಲ್ಲ. ಮಕ್ಕಳು ಪರ್ವತವ್ವನ ಕಡೆ ನೋಡಿದವು. ಆಕೆ ಬಂಡೆಯ ಅಂಚಿನಲ್ಲಿ ನಿಂತು ಅವರನ್ನೇ ನೋಡುತ್ತಿದ್ದಳು, ಸನ್ನೆ ಮಾಡಲಿಲ್ಲ. ಆಗ ಸಾಲಿನ ಕೊನೆಯಲ್ಲಿ ನಿಂತಿದ್ದ ಒಡ್ಡರ ಕೇರಿಯ ಹುಲಿಗಿ ಎಂಬ ಹುಡುಗಿ ಹೇಳಿದಳು:

"ಅಲ್ಲ."

ದನಿ ಗಟ್ಟಿಯಾಗೇನೂ ಇರಲಿಲ್ಲ. ಆದರೆ ಬಂಡೆ ಬೋಳಾಗಿತ್ತು, ಗಾಳಿ ನಿಂತಿತ್ತು, ಎಲ್ಲರಿಗೂ ಕೇಳಿತು. ಕೆಳಗಿದ್ದ ಅವಳ ತಾಯಿ ಯಂಕವ್ವ ಜನರನ್ನು ಸೀಳಿಕೊಂಡು ಬಂಡೆ ಹತ್ತಿ ಬಂದು, ಮಗಳನ್ನು ಎದೆಗವಚಿಕೊಂಡು, ಅವಳ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿದಳು. ಯಂಕವ್ವ ಹೆದರಿದ್ದರಲ್ಲಿ ತಪ್ಪಿಲ್ಲ. ಅವಳ ಗುಡಿಸಲಿದ್ದದ್ದು ದೇಸಾಯಿಯ ನೆಲದಲ್ಲಿ, ಅವಳ ಗಂಡ ದುಡಿಯುತ್ತಿದ್ದದ್ದು ದೇಸಾಯಿಯ ತೋಟದಲ್ಲಿ. "ಕೂಸು ಐತ್ರೀ ಎಪ್ಪಾ, ಅದಕ್ಕ ತಿಳಿಯಾಂಗಿಲ್ಲ," ಎಂದು ಅವಳು ಅಳತೊಡಗಿದಳು. ದೇಸಾಯಿ ಮೆತ್ತಗೆ, "ಹೌದು, ಕೂಸು. ಬಿಡವ್ವಾ ಹೋಗಲಿ. ಕಲ್ಲು ಹೊರೂ ಮಂದಿಗೆ ಕಲ್ಲಿನ ಮ್ಯಾಲಿಂದು ಏನು ತಿಳೀತದ," ಎಂದ.

ಆ ಮಾತೊಂದನ್ನು ಅವನು ಆಡದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಯಂಕವ್ವನ ಅಳು ನಿಂತಿತು. ಅವಳ ಅತ್ತೆಯ ಮನೆಯ ಹಿರಿಯರು ಆ ಏರಿಯ ತುದಿಯಲ್ಲಿ ಮಣ್ಣಾಗಿದ್ದರು. ಅವಳು ದೇಸಾಯಿಯನ್ನು ನೋಡಿದಳು, ಮಗಳನ್ನು ನೋಡಿದಳು, ಆಮೇಲೆ ಮಗಳ ಬಾಯಿಯ ಮೇಲಿದ್ದ ಕೈಯನ್ನು ತೆಗೆದಳು. "ಹೇಳವ್ವಾ," ಎಂದಳು. "ಏನು ಹೇಳಬೇಕಂದಿ, ಹೇಳು."

"ಅಲ್ಲ," ಎಂದಳು ಹುಲಿಗಿ ಮತ್ತೆ. ಪಕ್ಕದಲ್ಲಿದ್ದ ಕುಂಬಾರರ ಹುಡುಗ ಅಲ್ಲ ಎಂದ. ಕುರುಬರ ಮಕ್ಕಳು ಅಲ್ಲ ಎಂದವು. ಒಕ್ಕಲಿಗರ ಮಕ್ಕಳೂ ಹಾಗೆಯೇ ಹೇಳಿದವು. ಸಾಲಿನ ಕೊನೆಯಿಂದ ಹೊರಟ ಆ ಮಾತು ಒಬ್ಬರಿಂದ ಒಬ್ಬರಿಗೆ ಬಂದು ಕಳಕಪ್ಪನ ಹಿಂದೆ ನಿಂತಿತು. ಸುಭೇದಾರ ಗಾದಿಯಿಂದ ಮುಂದೆ ಬಾಗಿ, "ನೀನು ಹೇಳಪ್ಪಾ, ನೀನು ದೇಸಾಯರ ಮಗನಲ್ಲವೇ?" ಎಂದು ಕೇಳಿದ. ಕಳಕಪ್ಪ ತಂದೆಯ ಮುಖ ನೋಡಲಿಲ್ಲ. ಮಠದಲ್ಲಿ ಹೇಳುವಂತೆಯೇ, ಯಾರು ಹೇಳಿದರೆಂಬುದನ್ನು ಮೊದಲು ಹೇಳಿದ. "ನಮ್ಮಜ್ಜಿ ಹೇಳ್ಯಾಳ. ಆಕೀಗೆ ಅವರ ಅತ್ತಿ ಹೇಳಿದ್ದು. ನಮ್ಮವರು ಬರಗಾಲದಾಗ ಊರ ಬಿಟ್ಟು ಬಂದರಂತ. ಬಂದವರಿಗೆ ಈ ಊರಾಗ ಮೊದಲ ಸಿಕ್ಕದ್ದು ಈ ಕೆರಿ ನೀರಂತ. ಒಡ್ಡರ ಮುದುಕಿ ಒಬ್ಬಾಕಿ ಕೊಡದಾಗ ತಂದು ಕುಡಿಸಿದ್ಲಂತ. ಅದಕ್ಕ ನಮ್ಮ ಮನ್ಯಾಗ ವರ್ಷಾ ಮೊದಲ ಪೂಜಿ ಕೆರಿಗೇ ಮಾಡ್ತಾರ." ಕೊನೆಗೆ, "ನಾವು ಬರೂಕಿಂತ ಮೊದಲ ಕೆರಿ ಇತ್ತು," ಎಂದ. ಅಳು ಬಂದಿತ್ತು, ತುಟಿ ಕಚ್ಚಿ ಹಿಡಿದುಕೊಂಡ.

ಸುಭೇದಾರ ಜಾಣನಾಗಿದ್ದ. ಮಾತಿಗೆ ಮಾತು ಬೆಳೆಸದೆ, ತೋರಿಸುವುದು ಏನಾದರೂ ಇದೆಯೇ ಎಂದು ಕೇಳಿದ. ಈ ಪ್ರಶ್ನೆ ಮಕ್ಕಳಿಗೆ ಹೊಸದಲ್ಲ. ಅವು ಅವನ ಅಂಗಿ ಹಿಡಿದು ಎಳೆಯುವುದಷ್ಟೇ ಬಾಕಿ. ಏರಿಯ ಉದ್ದಕ್ಕೂ ನಡೆಸಿಕೊಂಡು ಹೋಗಿ, ಕಲ್ಲಿನ ಕಟ್ಟಣೆ ಪಾಲಿನಿಂದ ಪಾಲಿಗೆ ಹೇಗೆ ಬೇರೆಯಾಗುತ್ತದೆಂದು ತೋರಿಸಿದವು. ಒಡ್ಡರ ಪಾಲಿನಲ್ಲಿ ದಪ್ಪ ಕಲ್ಲು, ಸಂದಿ ಕಾಣದ ಕೆಲಸ. ಕುಂಬಾರರ ಪಾಲಿನಲ್ಲಿ ಸಣ್ಣ ಕಲ್ಲು, ನಡುನಡುವೆ ಒಡೆದ ಮಡಕೆಯ ಬೋಕಿ. ಕುರುಬರ ಪಾಲಿನಲ್ಲಿ ಹಟ್ಟಿಯ ಗೋಡೆಗೆ ಇಡುವಂತೆ ಓರೆಯಾಗಿ ಇಟ್ಟ ಕಲ್ಲು. ಒಬ್ಬನೇ ಧಣಿ ಕೂಲಿ ಕೊಟ್ಟು ಕಟ್ಟಿಸಿದ್ದರೆ ಒಂದೇ ಕೈಯ ಕೆಲಸವಿರಬೇಕಿತ್ತು. ತುದಿಯಲ್ಲಿ ಸತ್ತವರ ಗುರುತಿಗೆ ನೆಟ್ಟ ಅಕ್ಷರವಿಲ್ಲದ ಗಿಡ್ಡ ಕಲ್ಲುಗಳಿದ್ದವು. ಅಲ್ಲಿ ಹುಲಿಗಿ ತನ್ನ ಮನೆಯವರ ಕಲ್ಲನ್ನು ಮುಟ್ಟಿ ತೋರಿಸಿದಳು. ಅಷ್ಟು ಹೊತ್ತಿಗೆ, ನೆನಪಿಲ್ಲವೆಂದಿದ್ದ ಹಿರಿಯರೂ ಒಬ್ಬೊಬ್ಬರಾಗಿ ಹಿಂದೆ ಬಂದು, ಮಕ್ಕಳು ಬಿಟ್ಟದ್ದನ್ನು ಸೇರಿಸಿ ಹೇಳತೊಡಗಿದ್ದರು. ನೀರು ಹಿಂದಿನ ಕಟ್ಟಳೆಯಂತೆ ಕಡೆಯ ಹೊಲಕ್ಕೆ ಮೊದಲು ಹರಿಯತಕ್ಕದ್ದು ಎಂದು ಸುಭೇದಾರ ತೀರ್ಪು ಕೊಟ್ಟು ಹೋದ.

ಅವನ ಕುದುರೆಯ ಧೂಳು ಅಡಗುವ ಮೊದಲೇ ದೇಸಾಯಿಯ ಆಳುಗಳು ಮಠಕ್ಕೆ ಹೋದರು. ನೀರಿನ ತೀರ್ಪನ್ನು ಮೀರಲು ಅವನಿಗೆ ಧೈರ್ಯವಿರಲಿಲ್ಲ, ಮಠದ ಮೇಲೆ ಸಿಟ್ಟು ತೀರಿಸಿಕೊಂಡ. ಮಾಡು ಕಿತ್ತರು, ಗೋಡೆ ಕೆಡವಿದರು, ಮರಳನ್ನು ಬೀದಿಗೆ ಎರಚಿದರು. ಪರ್ವತವ್ವನಿಗೆ ಯಾರೂ ಜಾಗ ಕೊಡಕೂಡದೆಂದು ಡಂಗುರ ಹೊಡೆಸಿದರು. ಯಂಕವ್ವನ ಗುಡಿಸಲೂ ಹೋಯಿತು. ಅವಳ ಕೇರಿಯವರು ಊರ ಹೊರಗೆ ಅವಳಿಗೆ ಬೇರೆ ಗುಡಿಸಲು ಹಾಕಿಕೊಟ್ಟರು. ಪರ್ವತವ್ವ ಆ ಗುಡಿಸಲಲ್ಲೇ ಮಲಗಿ, ಬೆಳಗಾದ ಕೂಡಲೆ ಬಂಡೆಗೆ ಹೋಗಿ ಕುಳಿತಳು. ಬಂಡೆ ಉಳುವ ನೆಲವಲ್ಲ, ಯಾರ ಹೆಸರಿನಲ್ಲೂ ಇರಲಿಲ್ಲ, ಅಲ್ಲಿಂದ ಎಬ್ಬಿಸುವ ಹಕ್ಕು ಯಾರಿಗೂ ಇರಲಿಲ್ಲ. ಮೊದಲ ದಿನ ಹುಲಿಗಿಯೊಬ್ಬಳೇ ಬಂದಳು. ಆಮೇಲೆ ಉಳಿದವರು ಬಂದರು. ಆಳುಗಳು ಕೋಲು ಹಿಡಿದು ಬಂದಾಗ ತಾಯಂದಿರು ಹೊಲದ ಕೆಲಸ ಬಿಟ್ಟು ಬಂದು ಬಂಡೆಯ ಸುತ್ತ ನಿಂತರು. ಯಾರೂ ಬೈಯಲಿಲ್ಲ, ಕಲ್ಲು ಎತ್ತಲಿಲ್ಲ. ಕುಡುಗೋಲು ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದರು. ಆಳುಗಳ ಮಕ್ಕಳೂ ಮೇಲೆ ಮಗ್ಗಿ ಹೇಳುತ್ತಿದ್ದವು. ಅದನ್ನು ಕಂಡು ಆಳುಗಳು ತಿರುಗಿ ಹೋದರು.

ಕಳಕಪ್ಪನನ್ನು ತಂದೆ ವಾಡೆಯಿಂದ ಹೊರಗೆ ಬಿಡಲಿಲ್ಲ. ಆ ಹುಡುಗ ಹಟ ಹಿಡಿದು ಅನ್ನ ಬಿಟ್ಟ. ಅಜ್ಜಿ ಬಾಗಿಲಿಗೆ ಬಂದು, "ಆ ಮಾತು ಹೇಳಿದಾಕಿ ನಾನು. ಕೂಡಿಹಾಕೂದಿದ್ದರ ನನ್ನ ಕೂಡಿಹಾಕಪಾ," ಎಂದು ಮಗನಿಗೆ ಹೇಳಿದಳಂತೆ. ಕೆಲಕಾಲ ಕಳೆದು ಒಂದು ಬೆಳಿಗ್ಗೆ ದೇಸಾಯಿಯೇ ಬಂಡೆ ಹತ್ತಿ ಬಂದ. ಮಠವನ್ನು ತಿರುಗಿ ಕಟ್ಟಿಸಿಕೊಡುತ್ತೇನೆ, ಯಂಕವ್ವನ ಗುಡಿಸಲಿನ ಜಾಗವನ್ನೂ ಬಿಡುತ್ತೇನೆ, ನೀರಿನ ಮಾತು ತೆಗೆಯುವುದಿಲ್ಲ, ಮಕ್ಕಳು ಈ ಕಲ್ಲಿನ ಮುಂದೆ ನಿಂತು ಒಂದೇ ಒಂದು ಸಲ ಹೌದೆಂದರೆ ಸಾಕು ಎಂದು ಕೇಳಿಕೊಂಡ. ಜನ ಬೆನ್ನ ಹಿಂದೆ ಆಡಿಕೊಳ್ಳುವುದು ಅವನಿಗೆ ಅಷ್ಟು ಚುಚ್ಚಿತ್ತು.

"ನಾನು ಹೇಳಿಸಿ ಅಂದ ಮಾತಲ್ಲ ಅದು, ದೇಸಾಯರ," ಎಂದಳು ಪರ್ವತವ್ವ. "ಹಂಗಾಗಿ ನಾನು ಹೇಳಿಸಿ ಬದಲಿ ಮಾಡಾಕ ಬರೂದಿಲ್ಲ. ಕೂಡ್ರಿ. ನೀವೂ ಕೇಳಸ್ಕೋರಿ. ಇವತ್ತ ನಿಮ್ಮ ಮನಿತನದ ಸುದ್ದಿನ ಐತಿ, ಬರಗಾಲದಾಗ ನಡಕೊಂತ ಬಂದಿದ್ದು. ಅದೂ ಸಣ್ಣ ಮಾತಲ್ಲ."

ದೇಸಾಯಿ ಕೂರಲಿಲ್ಲ. ಆದರೆ ಮರುದಿನದಿಂದ ಕಳಕಪ್ಪ ಬಂಡೆಗೆ ಬಂದ. ಮಠವನ್ನು ಯಾರೂ ತಿರುಗಿ ಕಟ್ಟಲಿಲ್ಲ, ಪರ್ವತವ್ವ ಕೇಳಲೂ ಇಲ್ಲ. ಕಣ್ಣು ಮಂಜಾಗುವವರೆಗೆ ಆಕೆ ಅಲ್ಲೇ ಪಾಠ ಹೇಳಿದಳು. ಆಕೆಯ ನಂತರ ಅಲ್ಲಿ ಕುಳಿತು ಮಕ್ಕಳಿಗೆ ಓನಾಮ ತಿದ್ದಿಸಿದವಳು ಹುಲಿಗಿ ಎನ್ನುತ್ತಾರೆ. ದೇಸಾಯಿ ಸತ್ತು, ದೇಸಗತಿಯ ಜೋರು ಇಳಿದ ಮೇಲೆ, ಊರ ಹುಡುಗರು ಸುತ್ತಿಗೆ ಹಾರೆ ಹಿಡಿದು ಆ ಸುಳ್ಳುಗಲ್ಲನ್ನು ಒಡೆಯಲು ಹೊರಟರು. ಆಗಿನ್ನೂ ಬದುಕಿದ್ದ ಮುದುಕಿ ಪರ್ವತವ್ವ ಕೋಲೂರಿಕೊಂಡು ಬಂದು ಕಲ್ಲಿಗೆ ಬೆನ್ನು ಕೊಟ್ಟು ನಿಂತಳು. "ನಮ್ಮ ಕಲ್ಲು ಒಡೆದವರು ಅವರು. ನಾವೂ ಒಡದರ ಅವರಿಗೂ ನಮಗೂ ಫರಕೇನು?" ಎಂದಳು. "ಇರಲಿ ಬಿಡ್ರಿ. ಸುಳ್ಳು ಎಷ್ಟು ಚಂದ ಇರತೈತಿ ಅಂಬೋದನ್ನ ಮಕ್ಕಳು ನೋಡಬೇಕು."

ಇಂದು ಬೆಣಚಿಹಾಳಕ್ಕೆ ಹೋದವರಿಗೆ ವಾಡೆ ಕಾಣುವುದಿಲ್ಲ, ಅದು ಬಿದ್ದು ಜಾಲಿ ಬೆಳೆದಿದೆ. ಎಲೆತೋಟದ ಗುರುತೂ ಇಲ್ಲ. ಆದರೆ ಬಂಡೆಯ ನೆತ್ತಿಯ ಮೇಲೆ ಆ ಕಲ್ಲು ಹಾಗೆಯೇ ನಿಂತಿದೆ. ಸೂರ್ಯಚಂದ್ರರ ಗೆರೆ ಇನ್ನೂ ಮಾಸಿಲ್ಲ, ಕುದುರೆಯ ಜೂಲು ಕೂದಲು ಕೂದಲಾಗಿ ಎಣಿಸುವಷ್ಟು ಸ್ಪಷ್ಟವಾಗಿದೆ. ಹಳೆಯ ಶಾಸನಗಳನ್ನು ನೋಡುವ ಉಮೇದಿನವರು ಬಂದು, ಇಷ್ಟು ಒಳ್ಳೆಯ ಕೆತ್ತನೆ ಈ ಸೀಮೆಯಲ್ಲಿ ಅಪರೂಪ ಎಂದು ಫೋಟೊ ತೆಗೆದುಕೊಳ್ಳುತ್ತಾರೆ. ವರ್ಷಕ್ಕೊಮ್ಮೆ, ಮಳೆ ನಿಂತು ಕೆರೆ ತುಂಬಿದಾಗ, ನಮ್ಮ ಶಾಲೆಯ ನಾಲ್ಕನೆಯ ತರಗತಿಯ ಮಕ್ಕಳನ್ನು ಅವರ ಟೀಚರು ಅಲ್ಲಿಗೆ ಕರೆದೊಯ್ಯುತ್ತಾರೆ. ಒಂದು ಮಗು ಕಲ್ಲಿನ ಮೇಲಿನ ಅಕ್ಷರಗಳನ್ನು ಬೆರಳಿಟ್ಟು, ಕೂಡಿಸಿ ಕೂಡಿಸಿ, ಗಟ್ಟಿಯಾಗಿ ಓದುತ್ತದೆ. ಓದಿ ಮುಗಿಯುವುದರೊಳಗೆ ಉಳಿದವು ಆ ಒಂದು ಮಾತನ್ನು ಕೂಗಿಬಿಡುತ್ತವೆ. ಆ ದನಿ ನೀರಿನ ಆಚೆಗೂ ಕೇಳುತ್ತದೆ. ಟೀಚರು ಅದಕ್ಕೆ ಶಾಭಾಸ್ ಎನ್ನುವುದಿಲ್ಲ. "ಅಂದ್ರಿ, ಸರಿ. ಹೆಂಗ ಗೊತ್ತು?" ಎಂದು ಕೇಳುತ್ತಾರೆ. ಆಗ ಮಕ್ಕಳು ಬಂಡೆ ಇಳಿದು, ಕೆರೆಯ ಏರಿಯ ಕಡೆಗೆ ಓಡುತ್ತವೆ.